ಅಕ್ಕನ ಕಾರಿಗೆ ನಾನು ಹಾಕಿದ ಟೈರುಗಳು

ಅಕ್ಕ, ಗದ್ವಾಲದ ರಸ್ತೆಯಲ್ಲಿ ನಿನ್ನ ಕಾರು ಜಾರಿದ್ದು ನನ್ನಿಂದ. ಗೊತ್ತಿದ್ದೂ ಮಾಡಿದೆ —

ತೆಲಂಗಾಣ ರಾಜ್ಯ ಬಂದ ವರ್ಷ ಅದು. ಬಜಾರಿನ ಗೋಡೆಗಳ ಮೇಲೆ ಗುಲಾಲಿನ ಬಣ್ಣ ಇನ್ನೂ ಹೋಗಿರಲಿಲ್ಲ. ನಾರಾಯಣಪೇಟೆಯ ನಮ್ಮ ಸೀರೆ ವ್ಯಾಪಾರವನ್ನು ನೀನು ಹೈದರಾಬಾದಿನವರೆಗೆ ಬೆಳೆಸಿದ್ದೆ. ಅಪ್ಪ ಖುಷಿಯಾಗಿ ಅಲ್ಲಿಂದಲೇ ಹಳೆಯ ಸ್ಪೋರ್ಟ್ಸ್ ಕಾರೊಂದನ್ನು ತಂದು ಕೀಲಿಯನ್ನು ನಿನ್ನ ಕೈಗಿಟ್ಟ. ಮಕ್ತಲದಲ್ಲಿ ಟೈರಿನ ಅಂಗಡಿ ಇಟ್ಟವನು ನಾನು, ಚಿಕ್ಕಂದಿನಿಂದ ಕಾರಿನ ಹುಚ್ಚು ಹಿಡಿದವನು ನಾನು, ನಿನಗೆ ಸ್ಟೀರಿಂಗ್ ಹಿಡಿಯಲು ಕಲಿಸಿದವನೂ ನಾನೇ. ಅಪ್ಪ ನನ್ನ ಕಡೆ ನೋಡಲೂ ಇಲ್ಲ. ನೀನು ಬಜಾರಿನಲ್ಲಿ ಕಾರು ತಿರುಗಿಸುವಾಗ ಜನ ನಿಂತು ನೋಡುತ್ತಿದ್ದರು. ನನಗೆ — ಏನೆಂದು ಹೇಳಲಿ, ಉಂಡ ಅನ್ನ ಮೈಗೆ ಹತ್ತುತ್ತಿರಲಿಲ್ಲ.

ಹಿಂದಿನ ಟೈರುಗಳು ಸವೆದಿವೆ ಎಂದು ನೀನು ನನ್ನ ಅಂಗಡಿಗೇ ಬಂದೆ. ಆ ಕಾರಿಗೆ ಮುಂದಿನವು ಕಿರಿದು, ಹಿಂದಿನವು ಅಗಲ. ಎಂಜಿನ್ನಿನ ಬಲವೆಲ್ಲ ಹಿಂದಿನ ಗಾಲಿಗೇ ಹೋಗುವುದರಿಂದ ಅಲ್ಲಿ ಹಿಡಿತ ಹೆಚ್ಚು ಬೇಕು. ಚೆನ್ನಾಗಿ ಗೊತ್ತಿತ್ತು ನನಗೆ. ಆದರೂ ನಾಲ್ಕೂ ಮುಂದಿನ ಅಳತೆಯವೇ ಇರಲಿ, ಅದಲುಬದಲು ಮಾಡಿಕೊಂಡು ಬಹಳ ದಿನ ಓಡಿಸಬಹುದು ಎಂದೆ. ನೀನು ಯೋಚಿಸಿದೆ.

"ಮತ್ತ ಕಂಪನಿಯವರು ಹಿಂದ ಅಗಲನ ಟೈರ್ ಯಾಕ ಹಾಕ್ಯಾರೊ?"

"ಶೋಕಿಗಕ್ಕ. ಮತ್ತೇನಿಲ್ಲ."

ನಂಬಿದೆ ನೀನು. ಕಿರಿದಾದ ಟೈರು ಕೂರುವಂತೆ ಹಿಂದಿನ ಗಾಲಿಯ ರಿಮ್ಮನ್ನೂ ಬದಲಿಸಿ ಹಾಕಿಕೊಟ್ಟೆ. ನಿನಗೆ ಪೆಟ್ಟಾಗಲಿ ಎಂದು ಬಯಸಿರಲಿಲ್ಲ — ಜನರ ಮುಂದೆ ಒಮ್ಮೆ ಕಾರು ಜಾರಲಿ, ನೀನು ಹೆದರಲಿ, ಕೀಲಿ ನನಗೆ ಬರಲಿ... ಒಂದು ಮಳೆಯ ದಿನ, ಗದ್ವಾಲಕ್ಕೆ ಸೀರೆ ಒಯ್ಯುವಾಗ, ತಿರುವಿನಲ್ಲಿ ಕಾರು ಗರಗರ ಸುತ್ತಿ ಬೇವಿನ ಮರಕ್ಕೆ ಬಡಿಯಿತು. ನಿನ್ನ ಮೊಣಕೈ ಮುರಿಯಿತು.

ಆಸ್ಪತ್ರೆಯಲ್ಲಿ ಅಪ್ಪ, ಹೆಣ್ಣುಮಗಳ ಕೈಗೆ ಅಂಥ ಗಾಡಿ ಕೊಡಬಾರದಿತ್ತು ಎಂದ. ನೀನು ನನ್ನನ್ನು ನೋಡಿದೆ.

"ನನ್ನ ಕೈಯಾಗ ತಪ್ಪಾತೇನೊ?"

ಆಗಲಾದರೂ ಹೇಳಬಹುದಿತ್ತು. "ರೇಸ್ ಜಾಸ್ತಿ ಕೊಟ್ಟಿ ಅಕ್ಕ" ಎಂದೆ.

ದುರಸ್ತಿಯಾದ ಕಾರು ನನ್ನದಾಯಿತು. ಯಾರಿಗೂ ಹೇಳದೆ ಹಿಂದಕ್ಕೆ ಅಗಲ ಟೈರು ಹಾಕಿಕೊಂಡೆ. ಅದೇ ತಿರುವು, ಅಂಥದೇ ಮಳೆ — ಕಾರು ಅಲುಗಲಿಲ್ಲ. ಮಗನ ಕೈಯೆಂದರೆ ಕೈ ಎಂದು ಅಪ್ಪ ಬಂದವರೆದುರೆಲ್ಲ ಹೊಗಳಿದ. ನೀನೂ ಹೌದೆಂದೆ. ಆಮೇಲೆ ನೀನು ಸ್ಟೀರಿಂಗ್ ಮುಟ್ಟಲೇ ಇಲ್ಲ. ಗದ್ವಾಲಕ್ಕೆ ಸೀರೆ ಗಂಟು ಹೊತ್ತು ಬಸ್ಸಿಗೆ ಹೋಗತೊಡಗಿದೆ.

ಮೊನ್ನೆ ನಿನ್ನ ಮಗಳು ಕಾರು ಕಲಿಸೆಂದು ನನ್ನ ಬೆನ್ನುಬಿದ್ದಾಗ ನೀನು ತಡೆದೆ. ನಮ್ಮ ಕೈಗೆ ಅದು ಒಗ್ಗುವುದಿಲ್ಲ ಎಂದೆ — ನಗುತ್ತಲೇ. ನಿನಗೆ ಒಗ್ಗಿತ್ತು ಅಕ್ಕ. ನನಗಿಂತ ಚೆನ್ನಾಗಿ ಒಗ್ಗಿತ್ತು. ಅದನ್ನೇ ನನಗೆ ತಾಳಲಾಗಲಿಲ್ಲ.

ನಾಳೆ ಮನೆಗೆ ಬರುತ್ತೇನೆ. ಅಪ್ಪನೂ ನಿನ್ನ ಮಗಳೂ ಇರುವಾಗಲೇ ಇದನ್ನೆಲ್ಲ ಬಾಯಿಬಿಟ್ಟು ಹೇಳುತ್ತೇನೆ. ನೀನು ನಡುವೆಯೇ ಎದ್ದು ಒಳಗೆ ಹೋದರೂ, ಅವರಿಗೆ ಪೂರ್ತಿ ಹೇಳಿಯೇ ಹೊರಡುತ್ತೇನೆ.