ತಕ್ಕಡಿ ಅತ್ತಿಗೆ ಬೆಟ್ಟ ಹತ್ತಿದ್ದು

ನಲವತ್ತೊಂಬತ್ತು ವರ್ಷ ತುಂಬುವವರೆಗೂ ನಮ್ಮ ಅತ್ತಿಗೆ ಒಂದೇ ಒಂದು ದಿನವೂ ಡೇರೆಯಲ್ಲಿ ಮಲಗಿದವರಲ್ಲ. ಆದರೆ ನಮ್ಮ ಊರಿನಿಂದ ಬೆಟ್ಟಕ್ಕೋ ಕಾಡಿಗೋ ಕೆರೆಯ ದಂಡೆಗೋ ಡೇರೆ ಹೊತ್ತು ಹೊರಟ ಯಾರನ್ನೇ ಕೇಳಿ, ಅವರ ಚೀಲವನ್ನು ಅತ್ತಿಗೆ ಒಮ್ಮೆಯಾದರೂ ಬಿಚ್ಚಿ, ಅರ್ಧ ಸಾಮಾನು ಹೊರಗೆ ಹಾಕಿ, ಮತ್ತೆ ಕಟ್ಟಿಕೊಟ್ಟಿರುತ್ತಾರೆ.

ಅವರ ಅಂಗಡಿ ಇರುವುದು ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ, ಬೀಗದ ಕೈ ಮಾಡುವವನ ಗೂಡಿಗೂ ಕನ್ನಡಕದ ಅಂಗಡಿಗೂ ನಡುವೆ. ರೈಲು ಡಬ್ಬಿಯಂಥ ಉದ್ದನೆಯ ಕೋಣೆ. ನಮ್ಮಪ್ಪನ ಕಾಲದಲ್ಲಿ ಅಲ್ಲಿ ಲಾರಿಗಳ ಟಾರ್ಪಾಲು ಹೊಲಿಯುತ್ತಿದ್ದರು. ಅಣ್ಣನಿಗೆ ಆ ಕೆಲಸ ಹಿಡಿಸದೆ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯಲು ಸೇರಿಕೊಂಡ. ಮದುವೆಯಾಗಿ ಬಂದ ಅತ್ತಿಗೆ ಮೂರನೇ ತಿಂಗಳಿಗೆಲ್ಲ ಅಪ್ಪನ ದೊಡ್ಡ ಹೊಲಿಗೆ ಯಂತ್ರದ ಮುಂದೆ ಕೂತುಬಿಟ್ಟರು. "ಇವಳ ಹೊಲಿಗೆ ನೋಡಿದ್ರೆ ನಾನು ಇಷ್ಟು ವರ್ಷ ಏನು ಹೊಲೀತಿದ್ದೆ ಅಂತ ಅನ್ಸುತ್ತೆ" ಎಂದು ಅಪ್ಪ ನನ್ನ ಮುಂದೆ ಒಪ್ಪಿಕೊಂಡದ್ದುಂಟು. ಸೊಸೆಯ ಮುಂದೆ ಮಾತ್ರ ಎಂದೂ ಬಾಯಿಬಿಡಲಿಲ್ಲ.

ಒಂದು ದಿನ ಮೂವರು ಕಾಲೇಜು ಹುಡುಗಿಯರು ಹರಿದ ಡೇರೆಯೊಂದನ್ನು ತಂದು ಮೇಜಿನ ಮೇಲೆ ಸುರಿದರು. ಅತ್ತಿಗೆ ಅಂಥದ್ದನ್ನು ನೋಡಿದ್ದು ಅದೇ ಮೊದಲು. ಮುಷ್ಟಿಯಲ್ಲಿ ಹಿಡಿಯುವಷ್ಟು ತೆಳುವಾದ ಬಟ್ಟೆ ಬಿಚ್ಚಿದರೆ ಕೋಣೆ ತುಂಬ ಹರಡಿಕೊಂಡಿತು. ಅತ್ತಿಗೆ ಅಂಗಡಿಯಲ್ಲೇ ಅದನ್ನು ಎಬ್ಬಿಸಿ ನಿಲ್ಲಿಸಿ, ಒಳಗೆ ಕೂತು, ಬೆಳಕು ತೂರಿಬರುವ ಕಡೆಯೆಲ್ಲ ಸೂಜಿ ಹಾಕಿದರು. ಸಂಜೆ ಅಣ್ಣ ಕೆಲಸ ಮುಗಿಸಿ ಬಂದಾಗ ಹೆಂಡತಿ ಕಾಣಿಸಲಿಲ್ಲ. ಡೇರೆಯೊಳಗಿಂದ "ಇಲ್ಲಿದೀನಿ ಕಣ್ರೀ" ಎಂಬ ದನಿ ಬಂತು. ಮುಂದಿನ ಎರಡು ವರ್ಷದಲ್ಲಿ ಟಾರ್ಪಾಲು ಮೂಲೆ ಸೇರಿತು. ಅತ್ತಿಗೆ ಡೇರೆ, ಮಲಗುಚೀಲ, ಒಲೆ, ಬೆನ್ನುಚೀಲ ಎಲ್ಲವನ್ನೂ ಬಾಡಿಗೆಗೆ ಕೊಡತೊಡಗಿದರು.

ಡೇರೆಯಲ್ಲಿ ಮಲಗದವರಿಗೆ ಇಷ್ಟೆಲ್ಲ ಹೇಗೆ ಗೊತ್ತಾಯಿತು ಎಂದು ಜನ ಕೇಳುತ್ತಾರೆ. ವಾಪಸು ಬಂದ ಸಾಮಾನಿನಿಂದ. ಯಾವ ಮಲಗುಚೀಲದ ಕಾಲಿನ ಕಡೆ ಒದ್ದೆ, ಯಾವ ಪಾತ್ರೆಗೆ ಮಸಿಯೇ ಹತ್ತಿಲ್ಲ, ಯಾವ ಹಗ್ಗ ಗಂಟು ಬಿಚ್ಚದೆ ಹಾಗೇ ಇದೆ, ಎಲ್ಲವನ್ನೂ ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡು ನೋಡುತ್ತಿದ್ದರು. ಬಳಸದೆ ಬಂದ ವಸ್ತುವಿನ ಚೀಲಕ್ಕೆ ಒಂದು ಕೆಂಪು ದಾರದ ಹೊಲಿಗೆ. ಐದು ಹೊಲಿಗೆ ಬಿದ್ದರೆ ಅದು ಕಪಾಟಿನಿಂದ ಕೆಳಗೆ. ಹೀಗೆ ಮಡಚುವ ಕೊಡಲಿ ಹೋಯಿತು, ಮೊಟ್ಟೆಯ ಡಬ್ಬಿ ಹೋಯಿತು, ಒಂಬತ್ತು ಕೆಲಸ ಮಾಡುವ ಚಾಕು ಹೋಯಿತು. "ಅದರಲ್ಲಿ ಎಂಟು ಕೆಲಸ ಯಾರಿಗೂ ಇಲ್ಲ" ಎನ್ನುತ್ತಿದ್ದರು.

ಚೀಲಗಳ ಭಾರ ನೋಡಲು ಬಾಗಿಲ ಬಳಿ ತೂಗುಹಾಕಿದ್ದ ತಕ್ಕಡಿಯಿಂದಾಗಿ ಅವರಿಗೆ ತಕ್ಕಡಿ ಅತ್ತಿಗೆ ಎಂದು ಹೆಸರಿಟ್ಟವಳು ನಾನೇ. ನಾದಿನಿಯಾಗಿ ಅಷ್ಟೂ ಮಾಡದಿದ್ದರೆ ಹೇಗೆ! ಬೀದಿಯವರೆಲ್ಲ ಆ ಹೆಸರನ್ನೇ ಹಿಡಿದುಕೊಂಡರು. ಅವರಿಗೂ ಒಳಗೊಳಗೇ ಅದು ಇಷ್ಟವಾಗಿತ್ತು.

ಬಂದವರಿಗೆಲ್ಲ ಅವರು ಮೊದಲು ಕೇಳುತ್ತಿದ್ದುದು ಮೂರೇ ಪ್ರಶ್ನೆ. ಎಷ್ಟು ದೂರ ಹೊತ್ತುಕೊಂಡು ನಡೀತೀರಿ? ನೀರು ಎಲ್ಲಿದೆ? ನಿಮ್ಮಲ್ಲಿ ನಿಧಾನ ನಡೆಯೋರು ಯಾರು? ಕಾರಿನಲ್ಲಿ ಹೋಗಿ ಕಾರಿನ ಪಕ್ಕದಲ್ಲೇ ಡೇರೆ ಹಾಕುವವರಾದರೆ ತಕ್ಕಡಿಯ ಕಡೆ ನೋಡುತ್ತಲೇ ಇರಲಿಲ್ಲ. "ನಿಮ್ಮ ಬೆನ್ನೇನು ಹೋಗುತ್ತೆ, ಹೊರೋದು ಚಕ್ರ ತಾನೇ" ಎಂದು ದಪ್ಪ ಹಾಸಿಗೆ, ಮಡಚುವ ಕುರ್ಚಿ, ದೊಡ್ಡ ಲಾಟೀನು ಎಲ್ಲವನ್ನೂ ತುಂಬಿಸುತ್ತಿದ್ದರು. ದೋಣಿಯಲ್ಲಿ ಹೋಗುವವರ ಪ್ರತಿಯೊಂದು ವಸ್ತುವಿಗೂ ನೀರು ಒಳಗೆ ಹೋಗದ ಬೇರೆ ಬೇರೆ ಚೀಲ. ಮಂಜು ಬೀಳುವ ಎತ್ತರಕ್ಕೆ ಹೊರಟವರಿಗೆ ಮಾತ್ರ ಸಣ್ಣದೊಂದು ಪಾಠವೇ ಆಗುತ್ತಿತ್ತು. ಅವರು ಒಂದರ ಮೇಲೊಂದು ಹೊದಿಕೆ ಕೇಳಿದರೆ ಅತ್ತಿಗೆ ಕೆಳಗೆ ಹಾಸುವ ಚಾಪೆಯನ್ನು ಕೈಗಿಡುತ್ತಿದ್ದರು. "ಚಳಿ ಮೇಲಿಂದ ಬರಲ್ಲ ಸ್ವಾಮಿ, ನೆಲದಿಂದ ಬೆನ್ನಿಗೆ ಏರುತ್ತೆ. ಮೊದಲು ಕೆಳಗಡೆ ನೋಡ್ಕೊಳಿ." ಇನ್ನು ಹೊತ್ತು ನಡೆಯುವವರಿಗೋ, ಹಲ್ಲುಜ್ಜುವ ಬ್ರಷ್ಷಿನ ಹಿಡಿಯನ್ನೂ ಅರ್ಧಕ್ಕೆ ಕತ್ತರಿಸಿ ಕೊಡುತ್ತಿದ್ದರು. ನಾನು ಕೆಲಸ ಮಾಡುವುದು ಹಲ್ಲಿನ ಡಾಕ್ಟರ ಹತ್ತಿರ. ಆ ಕತ್ತರಿಸಿದ ಬ್ರಷ್ಷು ನೋಡಿದಾಗೆಲ್ಲ ಮುಖ ತಿರುಗಿಸಿಕೊಳ್ಳುತ್ತಿದ್ದೆ.

ಹೀಗಿರುವಾಗ ಕಿವಿ ಕೇಳದ ಮಕ್ಕಳ ಶಾಲೆಯ ಟೀಚರೊಬ್ಬರು ಅಂಗಡಿಗೆ ಬಂದರು. ಕಡ್ಡಿಯಂಥ ಮೈ, ಗಟ್ಟಿ ದನಿ. ಹನ್ನೊಂದು ಹುಡುಗಿಯರನ್ನು ಎರಡು ರಾತ್ರಿ ಬೆಟ್ಟದ ಮೇಲೆ ಇರಿಸಬೇಕೆಂದು ಅವರಿಗೆ ಆಸೆ. ಬೆಟ್ಟಕ್ಕೆ ಕರೆದುಕೊಂಡು ಹೋಗುವ ಸಂಘದವರೆಲ್ಲ ಆಗದು ಎಂದುಬಿಟ್ಟಿದ್ದರು.

"ಕೂಗಿದ್ರೆ ಕೇಳಲ್ಲ, ಹೊಣೆ ಯಾರದು ಅಂತಾರೆ" ಎಂದರು ಟೀಚರು. "ನನ್ನ ಮಕ್ಕಳಿಗೆ ಕಾಲಿದೆ, ಕಣ್ಣಿದೆ. ಬೆಟ್ಟ ಹತ್ತೋದಕ್ಕೆ ಕಿವಿ ಯಾಕೆ?"

ಅತ್ತಿಗೆ ತಮ್ಮ ಮೂರು ಪ್ರಶ್ನೆ ಕೇಳಿದರು. ನಾಲ್ಕು ಮೈಲಿ ನಡಿಗೆ, ಮೇಲೆ ತೊರೆಯಿದೆ, ನಿಧಾನ ನಡೆಯುವವರು ಸ್ವತಃ ಟೀಚರೇ. ಆಮೇಲೆ ವಾರವಿಡೀ ಅತ್ತಿಗೆಗೆ ಅದೇ ಧ್ಯಾನ. ಪ್ರತಿ ಚೀಲದಲ್ಲೂ ಇರುತ್ತಿದ್ದ ಸೀಟಿಯನ್ನು ತೆಗೆದರು. ಒಬ್ಬರ ಬಾಗಿಲು ಇನ್ನೊಬ್ಬರಿಗೆ ಕಾಣಲಿ ಎಂದು ಎರಡೂ ಕಡೆ ತೆರೆಯುವ ಡೇರೆಗಳನ್ನೇ ಆರಿಸಿದರು. ಕೈಯಲ್ಲಿ ಹಿಡಿಯುವ ಟಾರ್ಚಿನ ಬದಲು ಹಣೆಗೆ ಕಟ್ಟುವ ದೀಪ ಇಟ್ಟರು. "ಕೈಯಲ್ಲಿ ಟಾರ್ಚು ಕೊಟ್ರೆ ಅವರ ಮಾತು ಕಟ್ಟಿದ ಹಾಗೆ ಅಲ್ವೇನೇ? ಅವರು ಮಾತಾಡೋದು ಕೈಯಲ್ಲಿ" ಎಂದು ನನಗೆ ವಿವರಿಸಿದಾಗ ಅವರ ಮುಖದಲ್ಲಿ ಹೆಮ್ಮೆ ಉಕ್ಕುತ್ತಿತ್ತು. ನನಗೂ ಅನಿಸಿತು, ಇದು ಇವರಿಗಲ್ಲದೆ ಇನ್ಯಾರಿಗೆ ಹೊಳೆದೀತು!

ಹೊರಡುವ ಎರಡು ದಿನ ಮುಂಚೆ ಶಾಲೆಯ ಆಯಾಗೆ ಜ್ವರ ಬಂತು. ಇಬ್ಬರು ಹೆಂಗಸರಾದರೂ ಜೊತೆಗಿರದಿದ್ದರೆ ಶಾಲೆ ಒಪ್ಪುವುದಿಲ್ಲ. ಟೀಚರು ಅಂಗಡಿಗೆ ಓಡಿ ಬಂದು ನೇರವಾಗಿ ಕೇಳಿದರು: "ನೀವೇ ಬನ್ನಿ."

ಅತ್ತಿಗೆ ಸೂಜಿಯಿಂದ ತಲೆ ಎತ್ತಲಿಲ್ಲ. "ನಾನಾ? ನಾನು ಅಂಗಡಿಯೋಳು. ಕಟ್ಟಿಕೊಡೋಳು."

"ಇಷ್ಟು ವರ್ಷ ಊರಿಗೆಲ್ಲ ಕಟ್ಟಿಕೊಟ್ಟಿದೀಯ. ಹೋಗಿ ನೋಡ್ಕೊಂಡು ಬಾ" ಎಂದ ಅಣ್ಣ. ದಿನಕ್ಕೆ ಹತ್ತು ಮಾತಾಡದ ಮನುಷ್ಯ. ಅತ್ತಿಗೆ ಅವನನ್ನೇ ಒಂದು ಗಳಿಗೆ ನೋಡಿ, ನನ್ನ ಕಡೆ ತಿರುಗಿದರು. "ಹಾಗಾದ್ರೆ ಇವಳೂ ಬರ್ಲಿ." ನನ್ನ ಮೂರು ದಿನದ ರಜೆ ಹಾಗೆ ಬೆಟ್ಟದ ಪಾಲಾಯಿತು.

ಹುಡುಗಿಯರು ಹನ್ನೆರಡರಿಂದ ಹದಿನೈದು ವಯಸ್ಸಿನವರು. ಎಲ್ಲರಿಗಿಂತ ಗಿಡ್ಡಗಿದ್ದವಳನ್ನು ಉಳಿದವರು ಹೆಬ್ಬೆರಳು ತೋರಿಸಿ ಕರೆಯುತ್ತಿದ್ದರು. ಅದೇ ಅವಳ ಹೆಸರು. ಅತ್ತಿಗೆಗೂ ಅರ್ಧ ಗಂಟೆಯಲ್ಲಿ ಒಂದು ಹೆಸರು ಬಿತ್ತು: ಕನ್ನಡಕವನ್ನು ಮೂಗಿನ ತುದಿಗೆ ಇಳಿಸುವ ಸನ್ನೆ. ಅಷ್ಟು ಚೆನ್ನಾಗಿ ಅಣಕಿಸಿದರು ಅಂದರೆ ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ.

ಎರಡನೇ ಮೈಲಿಗೇ ಅತ್ತಿಗೆಯ ಹೆಗಲು ಉಜ್ಜಿ ಕೆಂಪಾಯಿತು. ಊರಿನವರ ಚೀಲದ ಪಟ್ಟಿಯನ್ನೆಲ್ಲ ಹೆಗಲಿಗೆ ಅಳೆದು ಕೂರಿಸಿದವರು ತಮಗೆ ಮಾತ್ರ ಯಾವುದೋ ಹಳೆಯ ಚೀಲ ಎತ್ತಿಕೊಂಡು ಬಂದಿದ್ದರು. "ಯಾರಿಗೂ ಹೇಳ್ಬೇಡ" ಎಂದು ಹಲ್ಲು ಕಚ್ಚಿ ನಡೆದರು. ಅವರ ಹಿಂದೆ ಬರುತ್ತಿದ್ದ ಹೆಬ್ಬೆರಳು ಏನಾದರೂ ತೋರಿಸಬೇಕಾದಾಗ ಅವರ ಚೀಲದ ಪಟ್ಟಿಯನ್ನು ಜಗ್ಗುತ್ತಿದ್ದಳು. ಅತ್ತಿಗೆ ನಿಂತು ತಿರುಗಿ ಕಲ್ಲಿನ ಮೇಲಿನ ಓತಿಯನ್ನೋ ಹಕ್ಕಿಯ ಗೂಡನ್ನೋ ನೋಡಿ ಮುಂದೆ ಹೋಗುತ್ತಿದ್ದರು.

ಸಂಜೆಗೆ ಡೇರೆಗಳು ಎದ್ದವು. ಬ್ರೆಡ್ಡು, ಬೇಯಿಸಿದ ಮೊಟ್ಟೆ, ಚಹ ಆಯಿತು. ಬೆಳಕು ಇಳಿಯುತ್ತಿದ್ದಂತೆ ಅತ್ತಿಗೆ ಒಬ್ಬೊಬ್ಬಳ ಹಣೆಗೂ ದೀಪ ಕಟ್ಟಿ, ಗುಂಡಿ ಒತ್ತಿದರು. ಹುಡುಗಿಯರು ಒಬ್ಬರ ಕಡೆಗೊಬ್ಬರು ತಿರುಗಿದರು, ತಕ್ಷಣ ಹನ್ನೊಂದು ಜನವೂ ಕಣ್ಣಿಗೆ ಕೈ ಅಡ್ಡ ಹಿಡಿದರು. ಎದುರಿಗಿರುವವಳ ಮಾತು ನೋಡಬೇಕೆಂದು ಮುಖ ಎತ್ತಿದರೆ ಅವಳ ಹಣೆಯ ದೀಪ ನೇರವಾಗಿ ಕಣ್ಣಿಗೆ ಹೊಡೆಯುತ್ತಿತ್ತು. ಮಾತಾಡುತ್ತಿರುವವಳ ಕೈಗಳೋ ಕತ್ತಲಲ್ಲಿ. ಎರಡು ನಿಮಿಷ ಒದ್ದಾಡಿ ಹುಡುಗಿಯರು ಸುಮ್ಮನೆ ಕೂತುಬಿಟ್ಟರು. ಬೆಳಗಿನಿಂದ ಗಾಳಿಪಟದಂತೆ ಆಡುತ್ತಿದ್ದ ಕೈಗಳು ತೊಡೆಯ ಮೇಲೆ ಬಿದ್ದಿದ್ದವು. ಅವರು ಮೌನವಾದದ್ದನ್ನು ನಾನು ನೋಡಿದ್ದು ಅದೇ ಮೊದಲು.

ಟೀಚರು ಮೃದುವಾಗಿ ಹೇಳಹೊರಟರು: "ಪರವಾಗಿಲ್ಲ ಬಿಡಿ, ಮಲಗೋ ಹೊತ್ತಾಯ್ತು..."

"ಪರವಾಗಿಲ್ಲ ಅನ್ಬೇಡಿ" ಎಂದರು ಅತ್ತಿಗೆ. "ತಪ್ಪು ನಂದು. ನಾನು ಮಾತಾಡೋರ ಬಗ್ಗೆ ಯೋಚಿಸಿದೆ, ನೋಡೋರನ್ನ ಮರೆತೆ."

ಆಮೇಲೆ ಅವರು ಮಾಡಿದ್ದನ್ನು ನೋಡುವುದೇ ಒಂದು ಚೆಂದ. ಜೇಬಿನಿಂದ ಸೂಜಿ ದಾರ ಹೊರಬಂತು. ಡೇರೆ ಕಟ್ಟಿ ಉಳಿದ ನವಾರಿನ ಪಟ್ಟಿಯನ್ನು ಕತ್ತರಿಸಿ, ದೀಪಕ್ಕೆ ಕೊರಳ ಕುಣಿಕೆ ಹೊಲಿದು, ಹೆಬ್ಬೆರಳಿನ ಎದೆಯ ಮೇಲೆ ಇಳಿಬಿಟ್ಟರು. ದೀಪದ ಮುಖ ಮೇಲಕ್ಕೆ. ಬೆಳಕು ಇನ್ನೂ ಚುಚ್ಚುತ್ತಿತ್ತು. ಬ್ರೆಡ್ಡಿನ ಬಿಳಿಯ ಕವರನ್ನು ಎರಡು ಪದರ ಮಡಚಿ ಗಾಜಿನ ಮೇಲೆ ಕಟ್ಟಿದರು. ಹುಡುಗಿಯ ಕೈಗಳೂ ಮುಖವೂ ಹಾಲಿನಂಥ ಬೆಳಕಿನಲ್ಲಿ ಎದ್ದು ಬಂದವು. ಅವಳು ತನ್ನ ಕೈಗಳನ್ನೇ ಒಮ್ಮೆ ನೋಡಿಕೊಂಡು, ಆಚೆ ತುದಿಯಲ್ಲಿದ್ದ ಗೆಳತಿಗೆ ಏನೋ ಹೇಳಿದಳು. ಆಚೆಯವಳು ಬಿದ್ದು ಬಿದ್ದು ನಕ್ಕಳು.

"ಏನಂದ್ಲು?" ಎಂದು ಅತ್ತಿಗೆ ಟೀಚರನ್ನು ಕೇಳಿದರು.

"ನಿನ್ನ ಗಲ್ಲದಲ್ಲಿ ಮೊಟ್ಟೆ ಅಂಟಿದೆ, ಆಗ್ಲಿಂದ ಹೇಳ್ಬೇಕು ಅಂತಿದ್ದೆ ಅಂದ್ಲು."

ಉಳಿದ ಹತ್ತು ದೀಪಕ್ಕೂ ಅತ್ತಿಗೆ ಹಾಗೆಯೇ ಕುಣಿಕೆ ಹೊಲಿದರು. ಒಂದೊಂದು ದೀಪ ಹೊತ್ತಿದಂತೆ ಒಂದೊಂದು ಜೊತೆ ಕೈ ಮಾತಿಗೆ ಬಂತು. ನಾನು ಅವರ ಪಕ್ಕ ಕೂತು ದಾರ ಪೋಣಿಸಿಕೊಟ್ಟೆ. ಇಪ್ಪತ್ತು ವರ್ಷ ಒಂದೇ ಮನೆಯಲ್ಲಿದ್ದರೂ ಅವರು ಹೀಗೆ ಕೆಲಸ ಮಾಡುವುದನ್ನು ನಾನು ಅಷ್ಟು ಹತ್ತಿರದಿಂದ ನೋಡಿರಲಿಲ್ಲ.

ಮರುದಿನ ಬೆಟ್ಟದ ತುದಿ, ತೊರೆಯಲ್ಲಿ ಆಟ ಎಲ್ಲ ಸುಖವಾಗಿ ಕಳೆಯಿತು. ಮೂರನೇ ದಿನ ಬೆಳಿಗ್ಗೆ ಇಳಿಯುವಾಗ ಮಾತ್ರ ಮಂಜು ಮುಚ್ಚಿಕೊಂಡು ಬಂತು. ಬರುಬರುತ್ತಾ ನನ್ನ ಮುಂದಿನವಳ ಚೀಲ ಬಿಟ್ಟು ಬೇರೇನೂ ಕಾಣದಾಯಿತು. ದಾರಿಯ ಎಡಕ್ಕೆ ಇಳಿಜಾರು. ಟೀಚರು ಎಣಿಸಿದರೆ ಹತ್ತೇ ಜನ! ಮತ್ತೆ ಎಣಿಸಿದಾಗ ಬಂಡೆಯ ಮರೆಯಲ್ಲಿ ಶೂ ದಾರ ಕಟ್ಟುತ್ತಿದ್ದವಳು ಎದ್ದು ಬಂದಳು. ಆದರೆ ಟೀಚರ ಬಣ್ಣವೇ ಇಳಿದುಹೋಗಿತ್ತು. "ಸನ್ನೆ ಕಾಣಲ್ಲ, ಕೂಗು ಕೇಳಲ್ಲ. ಈಗೇನು ಮಾಡೋದು?" ಎಂದವರ ದನಿಯೂ ಇಳಿದಿತ್ತು.

ಆಗ ಹಿಂದಿನಿಂದ ಹೆಬ್ಬೆರಳು ಅತ್ತಿಗೆಯ ಪಟ್ಟಿ ಜಗ್ಗಿದಳು, ನಾನಿಲ್ಲೇ ಇದ್ದೇನೆ ಎನ್ನುವಂತೆ. ಅತ್ತಿಗೆ ಗಕ್ಕನೆ ನಿಂತರು. ಚೀಲ ಇಳಿಸಿ, ಡೇರೆಯ ಹಗ್ಗಗಳನ್ನೆಲ್ಲ ಬಿಚ್ಚಿ ಒಂದಕ್ಕೊಂದು ಕಟ್ಟಿ, ಎರಡು ಮಾರಿಗೊಂದು ಕುಣಿಕೆ ಹಾಕಿದರು. ಒಂದು ಜಗ್ಗಿದರೆ ನಿಲ್ಲು, ಎರಡು ಜಗ್ಗಿದರೆ ನಡೆ, ಮೂರು ಜಗ್ಗಿದರೆ ಟೀಚರು ಬೇಕು. ಟೀಚರು ಅದನ್ನು ಒಬ್ಬೊಬ್ಬಳ ಮುಖದ ಹತ್ತಿರ ಹೋಗಿ ಕೈಯಲ್ಲಿ ಹೇಳಿದರು. ಹುಡುಗಿಯರು ಕುಣಿಕೆಯಲ್ಲಿ ಕೈ ತೂರಿಸಿ ಹಿಡಿದುಕೊಂಡರು. ಮುಂದೆ ಟೀಚರು, ನಡುವೆ ನಾನು, ಕಡೆಯಲ್ಲಿ ಅತ್ತಿಗೆ.

ಆ ಹಗ್ಗದಲ್ಲಿ ಎಷ್ಟು ಮಾತು ಓಡಿತು ಎಂದು ಹೇಗೆ ಹೇಳಲಿ! ಕಲಿಸಿದ್ದು ಮೂರು, ಒಂದು ಮೈಲಿ ಇಳಿಯುವಷ್ಟರಲ್ಲಿ ಹುಡುಗಿಯರು ಏಳೆಂಟು ಹೊಸದು ಹುಟ್ಟಿಸಿಕೊಂಡಿದ್ದರು. ನನ್ನ ಕೈಯಲ್ಲಿ ಹಾದುಹೋಗುತ್ತಿದ್ದ ಸಣ್ಣ ಸಣ್ಣ ಮಿಡಿತಗಳು ನನಗೊಂದೂ ಅರ್ಥವಾಗಲಿಲ್ಲ, ಆದರೆ ಮುಂದಿನವಳ ಭುಜ ನಗೆಯಿಂದ ಕುಲುಕುತ್ತಿತ್ತು. ಮೂರು ಗಂಟೆಯಲ್ಲಿ ಹನ್ನೊಂದು ಹುಡುಗಿಯರು, ಮೂವರು ಹೆಂಗಸರು ಒಂದು ತರಚು ಗಾಯವೂ ಇಲ್ಲದೆ ಬಸ್ಸಿನ ಬಳಿ ಇದ್ದೆವು. ಬಸ್ಸು ಹತ್ತುವ ಮುನ್ನ ಟೀಚರು ಅತ್ತಿಗೆಯ ಎರಡೂ ಕೈ ಹಿಡಿದುಕೊಂಡರು.

ಮನೆಗೆ ಬಂದ ಮೇಲೆ ಅಣ್ಣ ಕೇಳಿದ, "ಹೇಗಿತ್ತು?"

"ನೆಲ ಗಟ್ಟಿ ಕಣ್ರೀ" ಎಂದರು ಅತ್ತಿಗೆ. "ನಾನು ಜನಕ್ಕೆ ಕೊಡ್ತಿದ್ದ ಚಾಪೆ ಸಾಲಲ್ಲ. ನಾಳೆನೇ ಎಲ್ಲ ಬದಲಾಯಿಸ್ಬೇಕು." ಬದಲಾಯಿಸಿದರು ಕೂಡ. ಹಳೆಯ ಗಿರಾಕಿಗಳು ಅಂಗಡಿಗೆ ಬಂದಾಗ, "ಹೋದ ಸಲ ನಿಮಗೆ ತೆಳ್ಳಗಿನ ಚಾಪೆ ಕೊಟ್ಟಿದ್ದೆ, ಬೆನ್ನು ನೋವಾಗಿರ್ಬೇಕು, ಹೇಳ್ಬಾರ್ದಿತ್ತಾ?" ಎಂದು ತಾವೇ ಕೇಳುತ್ತಿದ್ದರು. ಅಷ್ಟು ವರ್ಷ ಊರಿಗೇ ಪಾಠ ಹೇಳಿದವರು ಹಾಗೆ ಕೇಳುವುದು ಸುಲಭವಲ್ಲ. ನನಗಾಗಿದ್ದರೆ ಆಗುತ್ತಿರಲಿಲ್ಲ.

ಇದಾಗಿ ಏಳು ವರ್ಷ. ಪ್ರತಿ ವರ್ಷ ಆ ಶಾಲೆಯ ಒಂದು ತಂಡ ಬೆಟ್ಟಕ್ಕೆ ಹೋಗುತ್ತದೆ, ಅತ್ತಿಗೆಯೂ ಹೋಗುತ್ತಾರೆ. ಈಗ ಅವರು ಕೈಮಾತಿನಲ್ಲಿ ಜಗಳವನ್ನೂ ಆಡಬಲ್ಲರು. ಹೆಬ್ಬೆರಳು ಈಗ ಪ್ರಯೋಗಶಾಲೆಯೊಂದರಲ್ಲಿ ಕೆಲಸಕ್ಕಿದ್ದಾಳೆ, ದಿನದ ಕೆಲಸ ಮುಗಿಸಿ ಬರುವಾಗ ಅಂಗಡಿಗೆ ಹೊಕ್ಕು ಜಗಳಾಡಿ ಹೋಗುತ್ತಾಳೆ. ಮೂರು ಪ್ರಶ್ನೆಗೆ ನಾಲ್ಕನೆಯದು ಸೇರಿದೆ: "ನಿಮ್ಮಲ್ಲಿ ಯಾರಿಗೆ ಏನು ಬೇರೆ ಥರ ಬೇಕು?" ಹೆಚ್ಚಿನವರು ಏನೂ ಇಲ್ಲ ಎನ್ನುತ್ತಾರೆ. ಅತ್ತಿಗೆ ಸುಮ್ಮನೆ ಕಾಯುತ್ತಾರೆ. ಆಗ ಯಾರಾದರೊಬ್ಬರು ಮೆಲ್ಲಗೆ, ನಮ್ಮಮ್ಮನಿಗೆ ಮಂಡಿ ಬಗ್ಗಲ್ಲ, ನಂಗೆ ಕತ್ತಲೆ ಅಂದ್ರೆ ಭಯ, ಎಂದು ಬಾಯಿಬಿಡುತ್ತಾರೆ. ಕಟ್ಟುವ ಕೆಲಸ ಶುರುವಾಗುವುದು ಅಲ್ಲಿಂದ.

ಮೊನ್ನೆ ನಾನು ತರಕಾರಿ ಹಿಡಿದುಕೊಂಡು ಆ ಬೀದಿಯಲ್ಲಿ ಬರುತ್ತಿದ್ದೆ. ಅಂಗಡಿಯ ಮುಂದೆ ಗಾಲಿಕುರ್ಚಿಯಲ್ಲಿ ಒಬ್ಬ ಹೆಂಗಸು, ನನ್ನ ವಯಸ್ಸಿನವರು. ನಮ್ಮ ಅತ್ತಿಗೆ ಫುಟ್‌ಪಾತಿನ ಮೇಲೆ ಚಕ್ಕಂಬಕ್ಕಳ ಹಾಕಿ ಕೂತು ಚಕ್ರದ ಅಗಲ ಅಳೆಯುತ್ತಿದ್ದರು. ಡೇರೆಯ ಬಾಗಿಲು ಎಷ್ಟು ಅಗಲ ಬಿಚ್ಚಬೇಕು, ಹೊಸ್ತಿಲಿನ ಪಟ್ಟಿ ತೆಗೆದರೆ ಮಳೆ ನೀರು ಒಳಗೆ ಬಾರದಂತೆ ಏನು ಮಾಡಬೇಕು ಎಂದು ಇಬ್ಬರೂ ಜೋರು ಚರ್ಚೆಯಲ್ಲಿದ್ದರು.

"ಬಂದ್ಯಾ? ಆ ಚೀಲ ಕೆಳಗಿಡು" ಎಂದರು ಅತ್ತಿಗೆ, ತಲೆ ಎತ್ತದೆ. "ಟೇಪಿನ ಈ ತುದಿ ಗಟ್ಟಿಯಾಗಿ ಹಿಡ್ಕೋ."

ಹಿಡಿದುಕೊಂಡೆ.