ಶಾಪದ ಕೀರ್ತನೆ ಓದಿದ ಭಾನುವಾರ

‘ಹೊರಗಿನವರು ನುಗ್ಗಿದರು, ಆರಾಧನೆ ನಡೆಸುತ್ತಿದ್ದ ಹುಡುಗನ ದವಡೆ ಮುರಿದರು, ಕರ್ತನ ಕೃಪೆಯಿಂದ ಜೀವವೊಂದು ಉಳಿಯಿತು.’ ಹುಬ್ಬಳ್ಳಿಯ ನಮ್ಮ ಕ್ರೈಸ್ತ ಸಭೆಯಲ್ಲಿ ದೇವರ ಕೃಪೆಗೆ ಸಾಕ್ಷಿ ಹೇಳಲು ನಿಂತವರೆಲ್ಲ ಇದನ್ನು ಹೀಗೆಯೇ ಹೇಳುತ್ತಾರೆ. ಬೇರೆ ಊರಿನ ಸಭೆಗಳಲ್ಲಿ ಇದನ್ನು ಕೇಳಿ ಅತ್ತವರೂ ಇದ್ದಾರೆ. ದವಡೆ ಮುರಿದದ್ದು ನಿಜ. ಮೂಳೆಯ ಚೂಪು ಕೆನ್ನೆಯನ್ನು ಸೀಳಿ ಹೊರಬಂದಿದ್ದನ್ನು ನಾನೇ ಕಂಡೆ. ಜೀವ ಉಳಿದದ್ದೂ ನಿಜ. ಮೊದಲ ಮಾತು ಮಾತ್ರ ಸುಳ್ಳು.

ಆರಾಧನೆ ನಡೆಸಲು ತರಬೇತಿಗೆ ಬರುವ ಹುಡುಗ ಹುಡುಗಿಯರಿಗೆ ಓದು ಕಲಿಸುವ ಕೆಲಸವನ್ನು ಸಭೆ ನನಗೆ ವಹಿಸಿತ್ತು. ನಾನು ಕಾಲೇಜಿನ ಮೆಟ್ಟಿಲು ಹತ್ತಿದವನಲ್ಲ. ಓದಿದ್ದೆಲ್ಲ ಸ್ವಂತ ಹಟದಿಂದ. ಗಿಟಾರು ಮುಟ್ಟುವ ಮೊದಲು ಬೈಬಲಿನ ಕೀರ್ತನೆಗಳನ್ನು ಕ್ರಮವಾಗಿ, ಒಂದನ್ನೂ ಬಿಡದೆ ಓದಬೇಕೆಂಬುದು ನನ್ನ ನಿಯಮ. ಯಾವ ಮಾತನ್ನು ಕೇಳಿದರೂ ಹೇಳಿದವರು ಯಾರು, ಅವರು ಎಲ್ಲಿ ನಿಂತಿದ್ದರು, ಹಾಗೆ ಹೇಳಿದ್ದರಿಂದ ಅವರಿಗೇನು ಲಾಭ ಎಂದು ವಿಚಾರಿಸುವುದನ್ನೂ ಕಲಿಸುತ್ತಿದ್ದೆ. ವಾರದ ಪಾಠದಲ್ಲಿ ಬಂದ ಕೀರ್ತನೆಯನ್ನೇ ಭಾನುವಾರ ಅವರಲ್ಲೊಬ್ಬರು ಸಭೆಯೆದುರು ಓದುತ್ತಿದ್ದರು.

ಶತ್ರುವನ್ನು ಶಪಿಸುವ ಕೀರ್ತನೆಗಳನ್ನು ನಮ್ಮಲ್ಲಿ ಯಾರೂ ಗಟ್ಟಿಯಾಗಿ ಓದುತ್ತಿರಲಿಲ್ಲ. ಆ ವಾರ ಕ್ರಮದಲ್ಲಿ ಅಂಥದೇ ಒಂದು ಬಂತು. ಸಭೆಯ ಆಡಳಿತ ಸಮಿತಿಗೆ ಚುನಾವಣೆ ಹತ್ತಿರವಿತ್ತು. ಅಮ್ಮಿನಬಾವಿಯಿಂದ ಬರುತ್ತಿದ್ದ ಹುಡುಗ ಅದನ್ನು ಓದಿದ. ಅವನದು ಸ್ಪಷ್ಟವಾದ, ಎತ್ತರದ ಕಂಠ. ಮುಂದಿನ ಸಾಲಿನಲ್ಲಿ ಅಭ್ಯರ್ಥಿಯೊಬ್ಬರು ತಮ್ಮ ಇಬ್ಬರು ಗಂಡುಮಕ್ಕಳೊಂದಿಗೆ ಕುಳಿತಿದ್ದರು. ಆ ಶಾಪವನ್ನು ತಮಗೆಂದೇ ಆರಿಸಿ ಓದಿಸಲಾಗಿದೆ ಎಂದು ಆ ಮನೆಯವರು ತಿಳಿದರು.

ಆರಾಧನೆ ಮುಗಿದು ನಾನು ಮುಂಬಾಗಿಲಲ್ಲಿ ಜನರ ಕೈಕುಲುಕುತ್ತಿದ್ದೆ. ಹಿತ್ತಲಿನಿಂದ ಕಬ್ಬಿಣ ಕಲ್ಲಿಗೆ ಬಡಿದಂಥ ಸದ್ದು, ಅದರ ಹಿಂದೆಯೇ ಒಂದು ಚೀರು ಕೇಳಿಸಿತು. ಆ ಇಬ್ಬರು ಅಣ್ಣತಮ್ಮಂದಿರು ಒಳಗೆ ಓಡಿ ಬಂದು, ಹೊರಗಿನವನು ಹುಡುಗನನ್ನು ಹೊಡೆದ ಎಂದು ಕೂಗಿದರು. ನಾನು ಹೋದಾಗ ಪಕ್ಕದ ಗ್ಯಾರೇಜಿನ ಮುಸಲ್ಮಾನ ಮೇಸ್ತ್ರಿ ಹುಡುಗನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದ. ಅವನ ಅಂಗಿ ಎದೆಯಿಂದ ಸೊಂಟದವರೆಗೆ ರಕ್ತದಲ್ಲಿ ತೊಯ್ದಿತ್ತು. ಹುಡುಗನ ಬಾಯಿಂದ ಹಲ್ಲು ಬೆರೆತ ರಕ್ತ ಬುಳುಬುಳು ಸುರಿಯುತ್ತಿತ್ತು.

“ಕಾಕಾ, ಲಗೂ ಆಟೋ ಕರೀರಿ. ಇಂವಾ ಉಸರಾಡವಲ್ಲ,” ಎಂದ ಮೇಸ್ತ್ರಿ.

ಆಟೋ ಹುಡುಗನನ್ನು ಹೊತ್ತು ತಿರುವು ದಾಟುವಷ್ಟರಲ್ಲಿ ನಮ್ಮ ಯುವಕರು ಮೇಸ್ತ್ರಿಯ ಮೇಲೆ ಬಿದ್ದರು. ಕುರ್ಚಿಯಿಂದ ಬೆನ್ನಿಗೆ ಹೊಡೆದರು, ಕೆಳಗೆ ಕೆಡವಿ ಪಕ್ಕೆಗೆ ಒದ್ದರು, ನೆಲಕ್ಕೂರಿದ ಅಂಗೈಯನ್ನು ಬೂಟಿನಿಂದ ತುಳಿದು ತಿರುಚಿದರು. ಬೆರಳಿನ ಮೂಳೆ ಮುರಿದ ಸದ್ದು ನನಗೆ ಕೇಳಿಸಿತು. ತುಳಿದವರಲ್ಲಿ ಇಬ್ಬರು ನನ್ನ ತರಗತಿಯವರೇ. ನಡುವೆ ಹೋದ ನನ್ನನ್ನು ಯಾರೋ ಗೋಡೆಗೆ ನೂಕಿದರು. ಪೊಲೀಸರು ಬಂದು ಎಳೆದೊಯ್ದದ್ದು ಮೇಸ್ತ್ರಿಯನ್ನು.

ಹಿತ್ತಲಿನ ಗೋಡೆಯ ಬುಡದಲ್ಲಿ ಎರಡು ವಸ್ತುಗಳು ಬಿದ್ದಿದ್ದವು. ಒಂದು ಮೇಸ್ತ್ರಿಯ ನಟ್ಟು ಬಿಚ್ಚುವ ಪಾನಾ. ಅದರ ಮೇಲೆ ಕರಿಗ್ರೀಸಿತ್ತು, ರಕ್ತವಿರಲಿಲ್ಲ. ಇನ್ನೊಂದು ನಮ್ಮದೇ ಮೈಕಿನ ಸ್ಟ್ಯಾಂಡು. ಅದರ ಭಾರವಾದ ಬುಡಕ್ಕೆ ರಕ್ತವೂ ಕೂದಲೂ ಹತ್ತಿದ್ದವು. ಸಂಜೆ ಹೋಗಿ ನೋಡಿದರೆ ಯಾರೋ ಅದನ್ನು ತೊಳೆದು ವೇದಿಕೆಯ ಮೇಲೆ ನಿಲ್ಲಿಸಿದ್ದರು.

ಪಾದ್ರಿಗಳ ಬಳಿ ಹೋಗಿ ಇಷ್ಟನ್ನೂ ಹೇಳಿದೆ. ಅವರು ಎದ್ದು ಬಾಗಿಲು ಮುಚ್ಚಿ ಬಂದು ನನಗೆ ಹೇಳಿದರು:

“ಅಜ್ಜಾರ, ಹೊರಗಿನವ ಹೊಡದಾ ಅಂದ್ರ ಸಭೆ ಒಂದಾಗತೈತ್ರಿ. ಒಳಗಿನವರು ಅಂದ್ರ ನಾಳೆ ಯಾರೂ ಇಲ್ಲಿ ಕುಂಡ್ರೂದಿಲ್ಲ.”

“ಆ ಮನುಷ್ಯಾ ಮುರದ ಕೈ ಹಿಡಕೊಂಡು ಜೇಲಿನ್ಯಾಗ ಕುಂತಾನ್ರಿ,” ಎಂದೆ.

ಅವರು ಪ್ರಾರ್ಥಿಸೋಣ ಎಂದರು. ನಾನು ಎದ್ದು ಬಂದೆ.

ಮೇಸ್ತ್ರಿಯ ಬಿಡುಗಡೆ ಹುಡುಗನ ಮಾತಿನ ಮೇಲೆ ನಿಂತಿತ್ತು, ಹುಡುಗನ ದವಡೆಯನ್ನು ತಂತಿ ಹಾಕಿ ಬಿಗಿದಿದ್ದರು. ಮೇಸ್ತ್ರಿಯೇ ಹೊಡೆದನೇ ಎಂದು ಪೊಲೀಸರು ಕೇಳಿದಾಗ ಆ ಅಣ್ಣತಮ್ಮಂದಿರು ಹಣ್ಣಿನ ಚೀಲ ಹಿಡಿದು ಮಂಚದ ಪಕ್ಕದಲ್ಲೇ ನಿಂತಿದ್ದರಂತೆ. ಹುಡುಗ ಕಣ್ಣು ಮುಚ್ಚಿಕೊಂಡನಂತೆ. ಅದನ್ನೇ ಒಪ್ಪಿಗೆಯೆಂದು ಸಭೆಯಲ್ಲಿ ಸಾರಿದರು.

ಮುಂದಿನ ತರಗತಿಗೆ ಬಂದವರು ಕೆಲವರೇ. ಮೇಸ್ತ್ರಿಯ ಕೈ ತುಳಿದವನೊಬ್ಬ, ತಾನು ಮಾಡಿದ್ದು ದೇವರ ಕೆಲಸವೆಂದು ವಾದಿಸುತ್ತಿದ್ದ. ಸಪ್ತಾಪುರದ ಕೋಣೆಯೊಂದರಲ್ಲಿದ್ದು ಓದುತ್ತಿದ್ದ ಹುಡುಗಿ ಅವನ ಮಾತನ್ನು ತಡೆದಳು.

“ಮೊದಲ ಹೇಳಿದವರು ಯಾರು? ಆ ಇಬ್ಬರು. ಅವರನ್ನ ಬಿಟ್ಟು ಹಿತ್ತಲದಾಗ ಯಾರರ ಇದ್ರೇನು? ನೀ ಇದ್ಯಾ?”

ಅವನು ಬೆಂಚನ್ನು ಒದ್ದು ಕೆಡವಿ ಹೊರಟುಹೋದ. ಆಕೆ ಮಾತ್ರ ದಿನವೂ ಆಸ್ಪತ್ರೆಗೆ ಹೋಗಿ, ಬೇಡವೆಂದು ತಲೆಯಾಡಿಸುತ್ತಿದ್ದ ಹುಡುಗನ ಪಕ್ಕದಲ್ಲಿ ಕುಳಿತು, ಪಾಠ ನಿಂತಲ್ಲಿಂದ ಮುಂದಿನ ಕೀರ್ತನೆಗಳನ್ನು ಓದಿದಳು. ಮೇಸ್ತ್ರಿಗೆ ಜಾಮೀನು ಸಿಗಲಿಲ್ಲವೆಂಬುದನ್ನೂ ತಿಳಿಸಿದಳು.

ತಂತಿ ತೆಗೆದ ವಾರವೇ ಹುಡುಗ ವೇದಿಕೆ ಹತ್ತಿದ. ಓದಲಿಲ್ಲ. ಮಾತು ಒಂದು ಪಕ್ಕಕ್ಕೆ ಜಾರುತ್ತಿತ್ತು.

“ಹಿತ್ತಲದಾಗ ಈ ಅಣ್ಣತಮ್ಮರು ಯಾರಿಗೆ ಶಾಪ ಹಾಕಿದೆಲೇ ಅಂತ ಕೇಳಿದ್ರು. ಯಾರಿಗೂ ಅಲ್ರಿ ಅಣ್ಣಾ, ಪಾಠದಾಗ ಅದ ಬಂದಿತ್ತು ಅಂದೆ. ಒಬ್ಬಾಂವ ನನ್ನ ಕೂದಲಾ ಹಿಡದಾ, ಒಬ್ಬಾಂವ ಮೈಕಿನ ಸ್ಟ್ಯಾಂಡಿಲೆ ಹೊಡದಾ. ಗ್ಯಾರೇಜಿನಾಂವ ಗ್ವಾಡಿ ಜಿಗದು ಬಂದು ಬಿಡಿಸಿದಾ.”

ಮುಂದಿನ ಸಾಲಿನಿಂದ ಆ ಅಣ್ಣತಮ್ಮಂದಿರಲ್ಲೊಬ್ಬ ಎದ್ದು ವೇದಿಕೆಯತ್ತ ನುಗ್ಗಿದ. ಹೆಂಗಸರು ಅಡ್ಡ ನಿಂತರು. ಒಬ್ಬಾಕೆಯ ತುಟಿ ಒಡೆಯಿತು. ಹುಡುಗ ಇಳಿದು ನೇರವಾಗಿ ಠಾಣೆಗೆ ನಡೆದ. ನಾನೂ ಆ ಹುಡುಗಿಯೂ ಅವನ ಎರಡು ಪಕ್ಕದಲ್ಲಿದ್ದೆವು.

ಮೇಸ್ತ್ರಿ ಬಿಡುಗಡೆಯಾಗಿ ಬಂದ. ಅವನ ಬಲಗೈಯ ಬೆರಳುಗಳು ಇಂದಿಗೂ ಪೂರ್ತಿ ಮಡಚುವುದಿಲ್ಲ. ಬಿಗಿ ನಟ್ಟುಗಳನ್ನು ಎಡಗೈಯಿಂದ ಬಿಚ್ಚುತ್ತಾನೆ. ಆ ಅಣ್ಣತಮ್ಮಂದಿರ ಮನೆತನದವರು ಬೇರೆ ಸಭೆ ಸೇರಿದರು. ಹಳೆಯ ಕಥೆಯನ್ನು ನಮ್ಮವರು ಇನ್ನೂ ಹೇಳುತ್ತಲೇ ಇದ್ದಾರೆ. ನನ್ನ ಮಾತನ್ನೂ ಸುಮ್ಮನೆ ನಂಬಬೇಕಾಗಿಲ್ಲ. ಭಾನುವಾರ ಎರಡನೆಯ ಆರಾಧನೆಯಲ್ಲಿ ಪಾಠ ಓದುವವನು ಆ ಹುಡುಗನೇ. ಎಡಗೆನ್ನೆಯ ಮೇಲೆ ಹೊಲಿಗೆಯ ಗುರುತಿದೆ. ಯಾರು ಹೊಡೆದರೆಂದು ಕೇಳಿದರೆ ಇಬ್ಬರ ಹೆಸರನ್ನೂ ಹೇಳುತ್ತಾನೆ.