ಆಯುಧಪೂಜೆಯ ಫೋಟೊ

ಸಾಕ್ಷಿ ಹೇಳುವ ದಿನ ಹತ್ತಿರವಾದಂತೆಲ್ಲ ಷಡಕ್ಷರಿ ಅನ್ನ ತಟ್ಟೆಯಲ್ಲೇ ಬಿಟ್ಟು ಏಳತೊಡಗಿದ. ಇಪ್ಪತ್ತು ವರ್ಷ ಫಿಟ್ಟರ್ ಕೆಲಸ ಮಾಡಿದವನು, ಕೋರ್ಟಿನ ಮೆಟ್ಟಿಲು ಹತ್ತಿದವನಲ್ಲ.

ಮೊದಲ ಹದಿನೈದು ವರ್ಷ ಅವನು ದುಡಿದದ್ದು ಅನಂತಪದ್ಮನಾಭರ ಕಾರ್ಖಾನೆಯಲ್ಲಿ. ಅಲ್ಲಿ ಊದುಬತ್ತಿ ಎಣಿಸಿ ಪೊಟ್ಟಣಕ್ಕೆ ತುಂಬುವ ಯಂತ್ರ ತಯಾರಾಗುತ್ತಿತ್ತು. ಸೊಟ್ಟಗೆ ಬಿದ್ದ ಕಡ್ಡಿಗಳನ್ನು ನೇರ ಮಾಡುವ ಹಲ್ಲುಹಲ್ಲಿನ ಪಟ್ಟಿಯೇ ಅದರ ಜೀವ. ಕೆಲಸದವರು ಅದನ್ನು ಬಾಚಣಿಗೆ ಎನ್ನುತ್ತಿದ್ದರು. ಆಮೇಲೆ ಷಡಕ್ಷರಿ ಇನ್ನೊಂದು ಕಂಪನಿ ಸೇರಿದ. ಅಲ್ಲಿನ ಯಂತ್ರಕ್ಕೂ ಅಂಥದೇ ಬಾಚಣಿಗೆ ಕೂರಿಸಿದ. ಬಾಚಣಿಗೆಯ ಪೇಟೆಂಟ್ ತಮ್ಮದೆಂದು ಹಳೆಯ ಮಾಲೀಕರು ೨೦೦೪ರಲ್ಲಿ ಹೊಸ ಕಂಪನಿಯ ಮೇಲೆ ದಾವೆ ಹೂಡಿದರು. ಸೋತರೆ ಯಂತ್ರ ನಿಲ್ಲುತ್ತದೆ, ಷಡಕ್ಷರಿಯ ಕೆಲಸ ಹೋಗುತ್ತದೆ, ಮೇಲೆ ಕಳ್ಳನೆಂಬ ಹೆಸರು.

"ನನ್ನ ಜೈಲಿಗೆ ಹಾಕ್ತಾರಾ ಸಾರ್?" ಎಂದು ಹೊಸ ಕಂಪನಿಯ ವಕೀಲ ಮಹದೇವಪ್ರಸಾದರನ್ನು ಕೇಳಿದ.

"ಇದು ಸಿವಿಲ್ ಕಣ್ರೀ. ಪೇಟೆಂಟಲ್ಲಿ ಬರೆದಿರೋ ಒಂದೊಂದು ಅಂಶಾನೂ ನಮ್ಮ ಯಂತ್ರದಲ್ಲಿ ಇದೆಯಾ ಅಂತ ಜಡ್ಜ್ ತಾಳೆ ನೋಡ್ತಾರೆ. ಇದೆ, ಅಲ್ಲಿ ನಾವು ಸೋತ್ವಿ. ಆದ್ರೆ ಅರ್ಜಿ ಹಾಕೋ ಮುಂಚೇನೇ ಅದು ಹೊರಗಿನ ಜನಕ್ಕೆ ಗೊತ್ತಿದ್ರೆ ಪೇಟೆಂಟೇ ನಿಲ್ಲಲ್ಲ. ಅವ್ರು ಅರ್ಜಿ ಹಾಕಿದ್ದು ತೊಂಬತ್ತೊಂಬತ್ತರ ಮಾರ್ಚಲ್ಲಿ. ಯೋಚ್ನೆ ಮಾಡಿ."

ಮನೆಯಲ್ಲಿ ಇದನ್ನು ಹೇಳಿದಾಗ ಹೆಂಡತಿ ಶಾಂತಾದೇವಿ ಟ್ರಂಕಿನಿಂದ ಒಂದು ಫೋಟೊ ತೆಗೆದಳು. ತೊಂಬತ್ತೆಂಟರ ಆಯುಧಪೂಜೆ. ಮೂಲೆಯಲ್ಲಿ ಕ್ಯಾಮೆರಾದ ಕೆಂಪು ತಾರೀಖು. ಹಳೆಯ ಕಾರ್ಖಾನೆಯ ತೆರೆದ ಬಾಗಿಲಲ್ಲಿ ಅಕ್ಕಪಕ್ಕದ ವರ್ಕ್‌ಶಾಪಿನವರು ಕಡ್ಲೆಪುರಿ ತಿನ್ನುತ್ತಿದ್ದಾರೆ. ಕುಂಕುಮ ಹಚ್ಚಲೆಂದು ಯಂತ್ರದ ಮುಚ್ಚಳ ಬಿಚ್ಚಿದೆ, ಬಾಚಣಿಗೆಯ ಮೇಲೆ ಚೆಂಡುಹೂ. ಷಡಕ್ಷರಿಯ ಹೆಗಲ ಮೇಲೆ ಅನಂತಪದ್ಮನಾಭರ ಕೈ.

"ಕಳ್ಳ ಅಂದೋರಿಗೆ ಇದ ತೋರ್ಸಿ."

"ತೋರ್ಸಿದ್ರೆ ಅವ್ರ ಪೇಟೆಂಟು ಹೋಗ್ಬುಡ್ತದೆ ಕಣೇ. ಕೆಲ್ಸ ಕಲಿಸ್ದೋರು."

"ನಮ್ಮನೆ ಒಲೆ ಆರೋದ್ರೆ ಅವ್ರು ಬಂದು ಹಚ್ತಾರಾ?"

ಷಡಕ್ಷರಿ ಕಟಕಟೆ ಹತ್ತಿದ. ಅಂಗಿಯೊಳಗಿನ ಇಷ್ಟಲಿಂಗವನ್ನು ಅದುಮಿ ಹಿಡಿದು ನಿಂತ.

"ಬಾಚಣಿಗೆ ಮಾಡೋದು ಎಲ್ಲಿ ಕಲಿತಿರಿ?" ಎದುರು ವಕೀಲರು ಕೇಳಿದರು.

"ಇವ್ರತ್ರಾನೇ ಸ್ವಾಮಿ," ಎಂದು ಅನಂತಪದ್ಮನಾಭರ ಕಡೆ ಕೈ ತೋರಿಸಿದ.

ಹೊಸ ಮಾಲೀಕರು ತಲೆ ತಗ್ಗಿಸಿದರು. ಮಹದೇವಪ್ರಸಾದರು ಎದ್ದು, ಷಡಕ್ಷರಿ ತಂದುಕೊಟ್ಟಿದ್ದ ಫೋಟೊ ಮುಂದಿಟ್ಟರು. "ಅವತ್ತು ಯಂತ್ರ ಯಾರ್ಯಾರು ನೋಡಿದ್ರು?"

"ಪುರಿಗೆ ಬಂದೋರೆಲ್ಲ. ನಿಂಬೆಹಣ್ಣು ಇಟ್ಟು ಯಜಮಾನ್ರೇ ಓಡಿಸಿದ್ರು. ಬಾಚಣಿಗೆ ಎಂಗೆ ಕೆಲ್ಸ ಮಾಡ್ತದೆ ಅಂತ ಎಲ್ರಿಗೂ ಅವ್ರೇ ಬಿಡಿಸಿ ಹೇಳಿದ್ರು."

ಯಾರೋ ನಕ್ಕರು. ಅನಂತಪದ್ಮನಾಭರು ಮಾತ್ರ ಫೋಟೊವನ್ನೇ ನೋಡುತ್ತ ಕುಳಿತಿದ್ದರು. ಅವರ ಮುಖ ನೋಡುವ ಧೈರ್ಯ ಷಡಕ್ಷರಿಗೆ ಬರಲಿಲ್ಲ.

ಪೇಟೆಂಟ್ ನಿಲ್ಲುವುದಿಲ್ಲವೆಂದು ನ್ಯಾಯಾಧೀಶರು ದಾವೆ ವಜಾ ಮಾಡಿದರು. ಷಡಕ್ಷರಿಯ ಕೆಲಸ ಉಳಿಯಿತು.

ಆ ವರ್ಷದ ಆಯುಧಪೂಜೆಗೆ ಹೊಸ ಕಂಪನಿಯ ಯಂತ್ರಕ್ಕೆ ಕುಂಕುಮ ಹಚ್ಚಲು ಸ್ಪ್ಯಾನರ್ ಹಿಡಿದವನು, ಮುಚ್ಚಳದ ಬೋಲ್ಟಿಗೆ ಹಾಕಿ ಹಾಗೇ ನಿಂತ. ಬಾಗಿಲಲ್ಲಿ ಬೀದಿಯವರು ಇಣುಕುತ್ತಿದ್ದರು. ಹಳೆಯ ಫೋಟೊದ ತೆರೆದ ಬಾಗಿಲು ನೆನಪಾಯಿತು.

"ಪುರಿ ಆಚೇಲೇ ಕೊಟ್ಬುಡ್ರಪ್ಪ," ಎಂದು ಹೋಗಿ ಷಟರ್ ಎಳೆದ.